ಒಬ್ಬರಿಗೇ ಸೇರಿದ ಗಿಳಿ

ಗಿಳಿಯನ್ನು ನಮ್ಮ ಮನೆಯಲ್ಲಿ ಬಿಟ್ಟು ಊರಿಗೆ ಹೊರಡುವವರು ಬಾಗಿಲ ಬಳಿ ನಿಂತು ಆಡುವ ಮಾತು ಹೆಚ್ಚುಕಡಿಮೆ ಒಂದೇ: “ಇದು ನನ್ನ ಬಿಟ್ಟು ಬೇರೆ ಯಾರ ಹತ್ರಾನೂ ಹೋಗಲ್ಲ, ಸ್ವಲ್ಪ ನೋಡ್ಕೊಳಿ.” ಆ ದನಿಯಲ್ಲಿ ಆತಂಕವಿರುತ್ತದೆ, ಜೊತೆಗೆ ಹೆಮ್ಮೆಯೂ ಇರುತ್ತದೆ. ತನ್ನೊಬ್ಬನನ್ನೇ ನೆಚ್ಚಿಕೊಂಡ ಜೀವವೊಂದು ಮನೆಯಲ್ಲಿದೆ ಎನ್ನುವುದು ಯಾರಿಗಾದರೂ ಹಿತವಾದ ಸಂಗತಿಯೇ. ಎಂಟು ವರ್ಷಗಳಿಂದ ಮೈಸೂರಿನ ನಮ್ಮ ಮನೆಯ ಒಂದು ಕೋಣೆಯನ್ನು ಬೇರೆಯವರ ಗಿಳಿಗಳಿಗೆ ಬಿಟ್ಟುಕೊಟ್ಟಿದ್ದೇನೆ. ದಸರೆಯ ರಜೆ, ಮೇ ತಿಂಗಳ ಮದುವೆಗಳು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜ ಅಜ್ಜಿ, ಹೀಗೆ ಕಾರಣ ಏನೇ ಇರಲಿ, ಪಂಜರ ಬರುತ್ತದೆ, ಹದಿನೈದು ದಿನವೋ ಆರು ತಿಂಗಳೋ ಇದ್ದು ಹೋಗುತ್ತದೆ. ಈ ಒಡನಾಟದಲ್ಲಿ ನನಗೆ ಮನದಟ್ಟಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಒಬ್ಬರಿಗೇ ಸೇರಿದ ಗಿಳಿ ಸುಖಿಯಾದ ಗಿಳಿಯಲ್ಲ. ನಾವು ಹೆಮ್ಮೆಪಡುವ ಆ ಏಕನಿಷ್ಠೆಗೆ ಬೆಲೆ ತೆರುವುದು ಹಕ್ಕಿ. ಗಿಳಿ ಸಾಕುವವರು ಅದಕ್ಕೆ ಎರಡನೆಯ ಮನೆಯನ್ನೂ ಎರಡನೆಯ ಮನುಷ್ಯರನ್ನೂ ಮೊದಲಿನಿಂದಲೇ ರೂಢಿ ಮಾಡಿಸಬೇಕು. ಅದು ಹಕ್ಕಿಗೆ ನಾವು ತೋರಿಸುವ ದೊಡ್ಡಸ್ತಿಕೆಯಲ್ಲ, ಅದಕ್ಕೆ ಸಲ್ಲಬೇಕಾದ ಋಣ.

ಬೆಲೆ ಎಂದೆನಲ್ಲ, ಅದು ಹೇಗಿರುತ್ತದೆ ಎಂಬುದಕ್ಕೆ ಒಂದು ಹಕ್ಕಿಯ ಕತೆ ಸಾಕು. ಹನ್ನೊಂದು ವರ್ಷದ ಆಫ್ರಿಕನ್ ಗ್ರೇ ಒಂದು ನಮ್ಮಲ್ಲಿಗೆ ಬಂತು. ಬಂದ ದಿನ ತೂಕ 430 ಗ್ರಾಂ. ನಾಲ್ಕನೆಯ ದಿನ ಬೆಳಗ್ಗೆ 395. ಬಟ್ಟಲಿನ ಕಾಳು ಹಾಗೇ ಇತ್ತು. ಸಂಜೆ ಆರೂವರೆಯಾದರೆ ಸಾಕು, ಗೇಟಿನ ಚಿಲಕ ಸರಿಸುವ ಸದ್ದನ್ನು ಥೇಟ್ ಹಾಗೇ ಮಾಡಿ, ಮರುಗಳಿಗೆಯೇ ಬಾಗಿಲ ಕಡೆಗೆ ಕತ್ತು ತಿರುಗಿಸಿ ಕೂರುತ್ತಿತ್ತು. ಯಜಮಾನರು ಆಫೀಸಿನಿಂದ ಬರುವ ಹೊತ್ತು ಅದು. ಯಾರೂ ಬರಲಿಲ್ಲವೆಂದಾಗ ಮತ್ತೆ ಚಿಲಕದ ಸದ್ದು. ವಿಡಿಯೊ ಕರೆ ಮಾಡಿಸಿದೆ. ದನಿ ಕೇಳಿದೊಡನೆ ಗಿಳಿ ಫೋನಿನ ಹಿಂಬದಿಗೆ ಹೋಗಿ ಮನುಷ್ಯರನ್ನು ಹುಡುಕಿತು. ಆಚೆ ಬದಿಯಲ್ಲಿದ್ದವರು ಕಣ್ಣೊರೆಸಿಕೊಂಡರು. ಆ ದಿನದಿಂದ ಹೊಸ ಹಕ್ಕಿಗಳಿಗೆ ಮೊದಲ ವಾರ ಫೋನು ತೋರಿಸುವುದನ್ನು ನಿಲ್ಲಿಸಿದ್ದೇನೆ. ಐದನೆಯ ದಿನ ಅದು ನನ್ನ ಕೈಯಿಂದ ನೆನೆಸಿದ ಕಡಲೆಯ ಒಂದು ಕಾಳು ತೆಗೆದುಕೊಂಡಿತು. ಆ ಒಂದು ಕಾಳಿನವರೆಗೆ ಅದು ಅನುಭವಿಸಿದ ಭಯವನ್ನು ‘ಪ್ರೀತಿ’ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸು ಒಪ್ಪಲಿಲ್ಲ.

ಹಾಗಾದರೆ ಅದನ್ನು ಏನೆಂದು ಕರೆಯಬೇಕು? ಕಾಡಿನಲ್ಲಿ ಹೆಚ್ಚಿನ ಗಿಳಿಗಳು ಜೋಡಿಯಾಗಿ ಬಾಳುತ್ತವೆ, ಆದರೆ ಆ ಜೋಡಿ ಒಂಟಿಯಾಗಿ ಬಾಳುವುದಿಲ್ಲ. ಅದರ ಸುತ್ತ ಹಿಂಡು ಇರುತ್ತದೆ. ಹಗಲು ಮೇಯಲು ಚದುರಿದವು ಮುಸ್ಸಂಜೆಗೆ ಒಂದೇ ಮರದಲ್ಲಿ ನೂರಾರು ಸಂಖ್ಯೆಯಲ್ಲಿ ಸೇರಿ ಗದ್ದಲ ಮಾಡುವುದನ್ನು ನಮ್ಮ ಊರುಗಳ ಸಾಲುಮರಗಳಲ್ಲೇ ನೋಡಬಹುದು. ಆ ಗದ್ದಲ ಬರಿಯ ಗದ್ದಲವಲ್ಲ. ಒಂದು ಕೂಗುತ್ತದೆ, ಇನ್ನೊಂದು ಓಗೊಡುತ್ತದೆ. ಎಲ್ಲರೂ ಮರಳಿದ್ದೇವೆ ಎಂಬ ಖಾತ್ರಿ ಅದರಲ್ಲಿದೆ. ಮರಿಯಾಗಿದ್ದಾಗಲೇ ತಾಯಿತಂದೆಯಿಂದ ಬೇರ್ಪಡಿಸಿ, ಸಿರಿಂಜಿನಲ್ಲಿ ಗಂಜಿ ಕುಡಿಸಿ, ಮನುಷ್ಯನ ಕೈಯಲ್ಲಿ ಬೆಳೆಸಿದ ಹಕ್ಕಿಗೆ ಹಿಂಡೂ ಇಲ್ಲ, ಜೋಡಿಯೂ ಇಲ್ಲ. ಅವೆರಡರ ಜಾಗವನ್ನೂ ಒಬ್ಬನೇ ಮನುಷ್ಯ ತುಂಬಬೇಕಾಗುತ್ತದೆ. ಆ ಮನುಷ್ಯ ವಿಮಾನ ಹತ್ತಿದ ದಿನ ಗಿಳಿಯ ಪಾಲಿಗೆ ಇಡೀ ಹಿಂಡೇ ಮಾಯವಾಗುತ್ತದೆ. ಕೆಲವು ಹಕ್ಕಿಗಳು ಆಗ ಕಿರುಚುತ್ತವೆ, ಕೆಲವು ಮೌನವಾಗುತ್ತವೆ, ಇನ್ನು ಕೆಲವು ಎದೆಯ ಪುಕ್ಕಗಳನ್ನು ಒಂದೊಂದಾಗಿ ಕಿತ್ತು ಚರ್ಮ ಬಯಲು ಮಾಡಿಕೊಳ್ಳುತ್ತವೆ.

ಗಿಳಿಯ ಸ್ವಭಾವವೇ ಹಾಗೆ, ಒಬ್ಬರನ್ನು ಹಚ್ಚಿಕೊಂಡರೆ ಮುಗಿಯಿತು, ಎಂದು ವಾದಿಸುವವರಿದ್ದಾರೆ. ಗಿಳಿಗಳ ಬಗ್ಗೆ ತಿಳಿದುಬಂದಿರುವ ಸಂಗತಿಗಳು ಬೇರೆಯದನ್ನೇ ಹೇಳುತ್ತವೆ. ವೆನೆಜುವೆಲಾದಲ್ಲಿ ವಿಜ್ಞಾನಿ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ಪುಟ್ಟ ಹಸಿರು ಗಿಳಿಗಳ ಗೂಡುಗಳನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲಕರವಾದದ್ದು. ಆ ಗಿಳಿಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಗುರುತಿನ ಕೂಗಿದೆ, ನಮ್ಮ ಹೆಸರುಗಳಿದ್ದಂತೆ. ಮರಿಗಳು ಅದನ್ನು ತಂದೆತಾಯಿಯಿಂದ ಕಲಿಯುತ್ತವೆ. ಇದು ರಕ್ತದಿಂದ ಬಂದದ್ದೋ ಒಡನಾಟದಿಂದ ಬಂದದ್ದೋ ಎಂದು ತಿಳಿಯಲು ಅವರು ಕೆಲವು ಗೂಡುಗಳ ಮೊಟ್ಟೆಗಳನ್ನು ಅದಲುಬದಲು ಮಾಡಿದರು. ಮರಿಗಳ ಕೂಗು ಹೆತ್ತವರದ್ದನ್ನು ಹೋಲಲಿಲ್ಲ, ಸಾಕಿದವರದ್ದನ್ನು ಹೋಲಿತು. 2020ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಆಫ್ರಿಕನ್ ಗ್ರೇಗಳು ತಮಗೇನೂ ಸಿಗದಿದ್ದರೂ ಪಕ್ಕದ ಹಕ್ಕಿಗೆ ಬಿಲ್ಲೆಗಳನ್ನು ದಾಟಿಸಿದವು. ಆ ಬಿಲ್ಲೆ ಕೊಟ್ಟರೆ ಪಕ್ಕದ ಹಕ್ಕಿಗೆ ಅಕ್ರೋಟು ಸಿಗುತ್ತಿತ್ತು. ಪಕ್ಕದಲ್ಲಿದ್ದದ್ದು ಆಪ್ತ ಗೆಳೆಯನಲ್ಲದಿದ್ದರೂ ದಾಟಿಸಿದವು. ಸಂಬಂಧ ಕಲಿಯುವ, ಆಪ್ತರಲ್ಲದವರಿಗೂ ಕೊಡುವ ಮನಸ್ಸು ಈ ಹಕ್ಕಿಯಲ್ಲಿದೆ. ಅದನ್ನು ಒಬ್ಬರ ಹೆಗಲಿಗೆ ಕಟ್ಟಿಹಾಕಿದವರು ನಾವು.

ಮಾತು ಕಲಿಯುವುದರಲ್ಲೂ ಇದೇ ಸಂಗತಿ ಕಾಣುತ್ತದೆ. ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ಕನ್ನಡದಲ್ಲಿ ‘ಗಿಳಿಪಾಠ’ ಎನ್ನುತ್ತೇವೆ. ಒಬ್ಬ ಹೇಳುತ್ತಾನೆ, ಗಿಳಿ ಒಪ್ಪಿಸುತ್ತದೆ. ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಕೊಂಡುತಂದು ಮೂವತ್ತು ವರ್ಷ ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಕಲಿತದ್ದು ಹೀಗಲ್ಲ. ಅದರೆದುರು ಇಬ್ಬರು ಮನುಷ್ಯರು ಕೂತು ಒಂದು ವಸ್ತುವಿನ ಬಗ್ಗೆ ಪರಸ್ಪರ ಕೇಳಿ, ಹೇಳಿ, ಸರಿಯಾಗಿ ಹೇಳಿದವರಿಗೆ ಆ ವಸ್ತುವನ್ನು ಕೊಡುತ್ತಿದ್ದರು. ಗಿಳಿ ಅದನ್ನು ನೋಡುತ್ತ ನೋಡುತ್ತ ಮಾತಿನ ಒಳಗೆ ತಾನೂ ಪ್ರವೇಶಿಸಿತು. ಬಣ್ಣ, ಆಕಾರ, ಸಣ್ಣ ಸಂಖ್ಯೆಗಳನ್ನು ಗುರುತಿಸಿ ಹೇಳುವಷ್ಟು ಬೆಳೆಯಿತು. 2007ರಲ್ಲಿ ಅದು ಸಾಯುವ ಹೊತ್ತಿಗೆ ಹಲವಾರು ವಿದ್ಯಾರ್ಥಿಗಳ ಕೈ ದಾಟಿ ಬಂದಿತ್ತು. ನಾವು ತಿಳಿದಿರುವ ಅತ್ಯಂತ ಚತುರ ಗಿಳಿಯೊಂದರ ಬುದ್ಧಿ ಅರಳಿದ್ದು ಇಬ್ಬರ ನಡುವೆ, ಹಲವರ ನಡುವೆ.

ನಮ್ಮ ಸಾಹಿತ್ಯಕ್ಕೂ ಇದು ತಿಳಿಯದ ಮಾತಲ್ಲ. ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಅಲ್ಲಿ ಕತೆ ಹೇಳುವ ವೈಶಂಪಾಯನ ಎಂಬ ಗಿಳಿಯನ್ನು ನೆನೆಯಿರಿ. ಬೇಡನೊಬ್ಬ ಮರ ಹತ್ತಿ ಗೂಡುಗಳನ್ನು ಬರಿದುಮಾಡಿದಾಗ ರೆಕ್ಕೆಯಡಿ ಬಚ್ಚಿಟ್ಟು ಕಾಪಾಡಿದ್ದು ತಂದೆ. ತಂದೆ ಸತ್ತು ತರಗೆಲೆಯ ಮೇಲೆ ಬಿದ್ದ ಮರಿಗೆ ನೀರು ಕುಡಿಸಿ ಎತ್ತಿಕೊಂಡದ್ದು ಮುನಿಕುಮಾರ ಹಾರೀತ. ಸಾಕಿದ್ದು ಜಾಬಾಲಿ ಮುನಿಯ ಆಶ್ರಮ. ಶೂದ್ರಕ ರಾಜನ ಆಸ್ಥಾನಕ್ಕೆ ಪಂಜರದಲ್ಲಿ ತಂದದ್ದು ಚಂಡಾಲ ಕನ್ಯೆ. ಇಷ್ಟು ಕೈಗಳನ್ನು ಹಾದುಬಂದದ್ದರಿಂದಲೇ ಆ ಗಿಳಿಗೆ ಹೇಳಲು ಕತೆಯಿದೆ. ಅದರಲ್ಲಿ ಹಾರೀತ ಮಾಡಿದ್ದೇನೋ ಅದೇ ಪರರ ಗಿಳಿಯನ್ನು ನೋಡಿಕೊಳ್ಳುವವರ ಕೆಲಸ: ತನ್ನದಲ್ಲದ ಹಕ್ಕಿಯನ್ನು, ಅದು ತನ್ನದಾಗಲಿ ಎಂಬ ಆಸೆಯಿಲ್ಲದೆ, ಬದುಕಿಸಿಕೊಡುವುದು.

ಇದಕ್ಕೆಲ್ಲ ಒಂದು ಮನೆ, ಒಬ್ಬ ಮನುಷ್ಯ ಯಾಕೆ ಬೇಕು, ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಕಾಳು ನೀರು ಹಾಕಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಬೇಟೆಗೆ ಸಿಗುವ ಪ್ರಾಣಿ ತನ್ನ ಕಾಯಿಲೆಯನ್ನು ತೋರಗೊಡುವುದಿಲ್ಲ. ಗಿಳಿ ಉಬ್ಬಿಕೊಂಡು ಪಂಜರದ ತಳದಲ್ಲಿ ಕೂರುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ. ಹಾಗಾಗಿ ದಿನಾ ಬೆಳಗ್ಗೆ, ಆಹಾರಕ್ಕೆ ಮುಂಚೆ, ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗುತ್ತೇನೆ. ನೂರು ಗ್ರಾಂ ತೂಗದ ಕಾಕಟೀಲ್ ಎಂಟು ಹತ್ತು ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ. ಪಂಜರದ ತಳಕ್ಕೆ ಹಾಸಿದ ಪತ್ರಿಕೆಯ ಹಾಳೆಯನ್ನು ಬಿಸಾಡುವ ಮುನ್ನ ಹಿಕ್ಕೆ ನೋಡುತ್ತೇನೆ: ಗಟ್ಟಿ ಭಾಗದ ಬಣ್ಣ ಏನು, ಬಿಳಿ ಭಾಗ ಬಿಳಿಯಾಗೇ ಇದೆಯೆ, ನೀರು ಹೆಚ್ಚಾಗಿದೆಯೆ. ಬರುವಾಗ ಅದರದೇ ಪಂಜರ, ಅದರದೇ ಕಾಳು, ಮನೆಯಲ್ಲಿ ಹೊದಿಸುತ್ತಿದ್ದ ಬಟ್ಟೆ ತರಲು ಹೇಳುತ್ತೇನೆ. ರಾತ್ರಿ ಹತ್ತು ಹನ್ನೆರಡು ಗಂಟೆಯ ಕತ್ತಲು, ನಿಶ್ಶಬ್ದ ಬೇಕು. ಕಾಕಟೀಲ್‌ಗಳು ನಡುರಾತ್ರಿ ಬೆಚ್ಚಿಬಿದ್ದು ಪಂಜರಕ್ಕೆ ಬಡಿದುಕೊಳ್ಳುವುದುಂಟು, ಅವುಗಳ ಹತ್ತಿರ ಮಾತ್ರ ಮಂದವಾದ ದೀಪ.

ಉಸಿರಿನ ವಿಷಯವಂತೂ ಇನ್ನೂ ಸೂಕ್ಷ್ಮ. ಹಕ್ಕಿಗಳ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಕೊಂಡಿವೆ. ಹಾರಾಟಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಹೀರಿಕೊಳ್ಳುವ ಆ ಏರ್ಪಾಡು ವಿಷವನ್ನೂ ಅಷ್ಟೇ ಬೇಗ ಹೀರಿಕೊಳ್ಳುತ್ತದೆ. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಖಾಲಿ ಕಾದರೆ ಹೊಮ್ಮುವ ಅನಿಲ ನಮ್ಮ ಮೂಗಿಗೆ ತಿಳಿಯುವ ಮುನ್ನವೇ ಗಿಳಿಯನ್ನು ಕೊಲ್ಲಬಲ್ಲದು. ನಮ್ಮ ಅಡುಗೆಮನೆಯಲ್ಲಿ ಅಂಥ ಪಾತ್ರೆಯೇ ಇಲ್ಲ. ಊದುಬತ್ತಿಗೆ ಹೆಸರಾದ ಊರಿನಲ್ಲಿದ್ದೂ ದೇವರ ಮುಂದೆ ತುಪ್ಪದ ದೀಪವಷ್ಟೇ ಹಚ್ಚುತ್ತೇನೆ. ಸಾಂಬ್ರಾಣಿ, ಕರ್ಪೂರ, ಸೊಳ್ಳೆಬತ್ತಿ ಯಾವುದೂ ಇಲ್ಲ. ಊಟದ ಬಗ್ಗೆ ನಮ್ಮವರಿಗೆ ಅರ್ಧ ಗೊತ್ತು. ಹಸಿಮೆಣಸಿನಕಾಯಿಯ ಖಾರ ಹಕ್ಕಿಗೆ ತಟ್ಟುವುದಿಲ್ಲವೆಂದು ನಮ್ಮ ಅಜ್ಜಿಯರಿಗೂ ತಿಳಿದಿತ್ತು. ನವಣೆಯ ತೆನೆ, ಸೀಬೆಹಣ್ಣು, ನುಗ್ಗೆಸೊಪ್ಪು ಒಳ್ಳೆಯವು. ಆದರೆ ಕೊಡಗಿನಿಂದ ಬಂದ ಬೆಣ್ಣೆಹಣ್ಣನ್ನು ಪ್ರೀತಿಯಿಂದ ಒಂದು ಚಮಚ ತಿನ್ನಿಸಿದರೆ ಅದು ಗಿಳಿಗೆ ವಿಷ. ಚಾಕೊಲೇಟು, ಕಾಫಿ, ಈರುಳ್ಳಿಯೂ ಅಷ್ಟೆ. ಬರಿಯ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗಳು ‘ಎ’ ಜೀವಸತ್ವದ ಕೊರತೆಯಿಂದ, ಕೊಬ್ಬು ತುಂಬಿದ ಯಕೃತ್ತಿನಿಂದ ನರಳುವುದನ್ನು ಕಂಡಿದ್ದೇನೆ. ಇವೆಲ್ಲ ದಿನಕ್ಕೊಮ್ಮೆ ಬಂದುಹೋಗುವ ಪಕ್ಕದ ಮನೆಯವರಿಂದ ಆಗದ ಕೆಲಸ. ನಾಯಿಗಳನ್ನು ಇಟ್ಟುಕೊಳ್ಳುವ ದೊಡ್ಡ ತಂಗುದಾಣಗಳಲ್ಲೂ ಆಗದು. ಇಡೀ ದಿನ ಬೊಗಳುವ ಬೇಟೆಗಾರನ ಪಕ್ಕದ ಗೋಡೆಗೆ ಪಂಜರ ಇಟ್ಟರೆ ಹಕ್ಕಿಗೆ ನಿದ್ದೆಯೆಲ್ಲಿಯದು?

ಇಷ್ಟು ಜವಾಬ್ದಾರಿ ಹೊತ್ತವರಿಗೆ ಒಂದು ಹಕ್ಕು ಬೇಕು, ‘ಆಗುವುದಿಲ್ಲ’ ಎನ್ನುವ ಹಕ್ಕು. ಹಣ ಕೊಡುವವರು ಯಜಮಾನರಾದರೂ ನಾನು ಉತ್ತರ ಹೇಳಬೇಕಾದದ್ದು ಗಿಳಿಗೆ. ಕಾಯಿಲೆಯ ಗುರುತಿರುವ ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸದೆ ಒಳಗೆ ಬಿಡುವುದಿಲ್ಲ. ಕೊಕ್ಕು ಮತ್ತು ಪುಕ್ಕದ ವೈರಸ್ ಕಾಯಿಲೆ ಪುಕ್ಕದ ಧೂಳಿನಲ್ಲೇ ಹರಡುತ್ತದೆ, ಸಿಟಕೋಸಿಸ್ ಹಕ್ಕಿಯಿಂದ ಮನುಷ್ಯನ ಶ್ವಾಸಕೋಶಕ್ಕೂ ದಾಟುತ್ತದೆ. ಆದ್ದರಿಂದ ಎರಡು ಮನೆಯ ಹಕ್ಕಿಗಳನ್ನು ಒಟ್ಟಿಗೆ ಆಡಲು ಬಿಡುವುದಿಲ್ಲ, ಬಟ್ಟಲುಗಳನ್ನು ಬೆರೆಸುವುದಿಲ್ಲ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಪಂಜರ ಇಟ್ಟುಕೊಳ್ಳುವುದಿಲ್ಲ, ದಸರೆಯ ವಾರದಲ್ಲಿ ಹತ್ತು ಜನ ಕೇಳಿದರೂ.

ನಾನು ಖಡಾಖಂಡಿತವಾಗಿ ನಿರಾಕರಿಸುವುದು ನಮ್ಮ ನಾಡಿನ ಗಿಳಿಗಳನ್ನು. ಕೊರಳಲ್ಲಿ ಗುಲಾಬಿ ಪಟ್ಟಿಯ ಹಸಿರು ಗಿಳಿ, ಕೆಂಪು ಹೆಗಲಿನ ದೊಡ್ಡ ಗಿಳಿ, ಕೆಂದಲೆಯ ಗಿಳಿ, ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣುವ ನೀಲಿರೆಕ್ಕೆಯ ಗಿಳಿ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿಗಳು. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ‘ನಾಲ್ಕು ದಿನದ ಮಟ್ಟಿಗೆ’ ಇಟ್ಟುಕೊಂಡವರಿಗೂ ವಿನಾಯಿತಿಯಿಲ್ಲ. “ಮರದಿಂದ ಬಿದ್ದಿತ್ತು ಮೇಡಂ, ನಾವೇ ಬದುಕಿಸಿದ್ವಿ” ಎಂದು ಹೇಳುವವರ ಕಕ್ಕುಲಾತಿ ನಿಜವೇ ಇರಬಹುದು. ಅವರಿಗೆ ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿ ಹೇಳುತ್ತೇನೆ, ಜೊತೆಗೆ ಹೋಗುತ್ತೇನೆ, ಆದರೆ ಪಂಜರ ಇಳಿಸಿಕೊಳ್ಳುವುದಿಲ್ಲ. ವಿದೇಶಿ ಗಿಳಿಗಳಿಗೂ ಈಗ ನಿಯಮವಿದೆ. ಆಫ್ರಿಕನ್ ಗ್ರೇ ಗಿಳಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧ ಬಂದಿದೆ, ಏಕೆಂದರೆ ಆ ವ್ಯಾಪಾರದಿಂದ ಆಫ್ರಿಕದ ಕಾಡುಗಳು ಈ ಗಿಳಿಯಿಲ್ಲದೆ ಬರಿದಾಗುತ್ತಿದ್ದವು. ನಮ್ಮ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅದರಡಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಹಕ್ಕಿಗಳನ್ನು ಸಾಕಿದವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಆ ಕಾಗದದ ಪ್ರತಿ ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಪರರ ಗಿಳಿ ನೋಡಿಕೊಳ್ಳುವವರೆಲ್ಲ ಹೀಗೆ ಕೇಳಲು ಆರಂಭಿಸಿದರೆ ಕಳ್ಳಮಾಲಿನ ಹಕ್ಕಿ ಕೊಳ್ಳುವವರ ಧೈರ್ಯ ಅಷ್ಟಾದರೂ ಕುಗ್ಗುತ್ತದೆ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ರೆಕ್ಕೆಯಿರುವ ಜೀವವನ್ನು ಪಂಜರದಲ್ಲಿಡುವುದೇ ತಪ್ಪು. ಹಾಗಿರುವಾಗ ಪಂಜರದ ಯಜಮಾನರು ನಿಶ್ಚಿಂತೆಯಿಂದ ಪ್ರವಾಸ ಹೋಗಲು ಅನುಕೂಲ ಮಾಡಿಕೊಡುವುದು ಆ ತಪ್ಪಿಗೆ ಹೆಗಲು ಕೊಟ್ಟಂತಲ್ಲವೆ? 2015ರಲ್ಲಿ ದೆಹಲಿ ಹೈಕೋರ್ಟು ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಮೂಲಭೂತ ಹಕ್ಕಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಮೈ ಚಾಚಿ ಓಡಾಡಲು ಸಾಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ಕ್ರೌರ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. ಈ ಆಕ್ಷೇಪದ ಮುಂದೆ ನಾನು ತಲೆಬಾಗುತ್ತೇನೆ. ಹೊಸದಾಗಿ ಗಿಳಿ ಕೊಳ್ಳಬೇಕೆಂದು ಸಲಹೆ ಕೇಳಲು ಬಂದವರಿಗೆ ಬೇಡವೆಂದೇ ಹೇಳುತ್ತೇನೆ. ಆದರೆ ಬೇರೊಂದು ಖಂಡದ ತಳಿಯ, ಇಲ್ಲಿಯ ಪಂಜರದಲ್ಲೇ ಮೊಟ್ಟೆಯೊಡೆದ, ಆಹಾರ ಹುಡುಕುವುದನ್ನೂ ಗಿಡುಗನಿಂದ ತಪ್ಪಿಸಿಕೊಳ್ಳುವುದನ್ನೂ ಕಲಿಯದ ಹಕ್ಕಿಗೆ ಕಿಟಕಿ ತೆರೆದರೆ ಅದು ಬಿಡುಗಡೆಯಲ್ಲ, ಕೈತೊಳೆದುಕೊಳ್ಳುವುದು. 2022ರ ಜುಲೈನಲ್ಲಿ ತುಮಕೂರಿನ ಕುಟುಂಬವೊಂದರ ಆಫ್ರಿಕನ್ ಗ್ರೇ ಹಾರಿಹೋದದ್ದು ಹಲವರಿಗೆ ನೆನಪಿರಬಹುದು. ಹುಡುಕಿಕೊಟ್ಟವರಿಗೆ 50,000 ರೂಪಾಯಿ ಎಂದು ಸಾರಿದ್ದ ಆ ಮನೆಯವರು, ಹಕ್ಕಿ ಸಿಕ್ಕಾಗ 85,000 ಕೊಟ್ಟರು. ಹೊರಗಿನ ಆಕಾಶದಲ್ಲಿ ಅಂಥ ಗಿಳಿ ಎಷ್ಟು ದಿಕ್ಕಿಲ್ಲದ್ದು ಎಂಬುದು ಅವರಿಗೆ ತಿಳಿದಿತ್ತು. ತಪ್ಪು ಆಗಿಹೋಗಿದೆ; ಆದ ತಪ್ಪಿನ ಭಾರ ಹೊತ್ತ ಹಕ್ಕಿ ಇನ್ನೂ ನಲವತ್ತು ವರ್ಷ ಬದುಕಲಿದೆ. ಆ ನಲವತ್ತು ವರ್ಷವನ್ನು ಬಾಳುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನು ಪಂಜರವನ್ನು ಖಂಡಿಸಿದ ಮೇಲೂ ಉತ್ತರಿಸಲೇಬೇಕು.

ನಲವತ್ತು ವರ್ಷ ಎನ್ನುವಲ್ಲೇ ನನ್ನ ವಾದದ ಬೇರು ಇದೆ. ಆಫ್ರಿಕನ್ ಗ್ರೇ ನಲವತ್ತರಿಂದ ಅರವತ್ತು ವರ್ಷ ಬದುಕಬಹುದು, ದೊಡ್ಡ ಮಕಾವ್‌ಗಳು ಐವತ್ತು ದಾಟುತ್ತವೆ. ಮೂವತ್ತೈದನೆಯ ವಯಸ್ಸಿನಲ್ಲಿ ಗಿಳಿ ತಂದವರಿಗೆ ಅಷ್ಟರಲ್ಲಿ ವರ್ಗಾವಣೆ, ಕಾಯಿಲೆ, ಮೊಮ್ಮಕ್ಕಳು, ಮುಪ್ಪು ಎಲ್ಲ ಬಂದಿರುತ್ತದೆ. ಯಜಮಾನನಿಗಿಂತ ಹಕ್ಕಿಯೇ ಹೆಚ್ಚು ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ನಮ್ಮಲ್ಲಿ ಒಂದು ಕೊನ್ಯೂರ್ ಗಿಳಿ ಹೀಗೆ ಉಳಿದುಬಿಟ್ಟಿದೆ. ಮೂರು ವಾರಕ್ಕೆಂದು ಬಂದದ್ದು, ಅದರ ಯಜಮಾನಿ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಮಕ್ಕಳು ಬೇರೆ ದೇಶದಲ್ಲಿದ್ದರು. ಹಕ್ಕಿ ಅವರನ್ನು ಕಂಡೇ ಇರಲಿಲ್ಲ. ಆಕೆ ಒಳ್ಳೆಯ ಹೆಂಗಸು. ಪ್ರತಿ ವರ್ಷ ಎರಡು ಸಲ, ಊರಿಗೆ ಹೋಗುವ ಕೆಲಸ ಇಲ್ಲದಿದ್ದರೂ, ಹಕ್ಕಿಯನ್ನು ತಂದು ಎರಡು ರಾತ್ರಿ ಬಿಟ್ಟು ಹೋಗುತ್ತಿದ್ದರು. “ನಾನಿಲ್ದೆ ಇರೋದು ಅದಕ್ಕೂ ಗೊತ್ತಾಗ್ಲಿ” ಎನ್ನುತ್ತಿದ್ದರು. ಆಕೆ ತೀರಿಕೊಂಡ ವಾರದಲ್ಲಿ ಆ ಹಕ್ಕಿ ಒಂದು ಹೊತ್ತಿನ ಊಟವನ್ನೂ ಬಿಡಲಿಲ್ಲ. ಹಕ್ಕಿ ಆಕೆಯನ್ನು ಮರೆಯಿತು ಎಂದು ಇದಕ್ಕೆ ಅರ್ಥವಲ್ಲ. ಈಗಲೂ ಆಕೆಯ ಕೆಮ್ಮನ್ನು ಆಗಾಗ ಕೆಮ್ಮುತ್ತದೆ. ಆಕೆ ಇಲ್ಲದ ಲೋಕದಲ್ಲೂ ತನ್ನ ಕೂಗಿಗೆ ಓಗೊಡುವವರಿದ್ದಾರೆ ಎಂಬುದು ಅದಕ್ಕೆ ಮೊದಲೇ ತಿಳಿದಿತ್ತು.

ಎರಡು ಕಡೆ ಮನಸ್ಸಿಟ್ಟ ಹಕ್ಕಿಗೆ ಅಗಲಿಕೆಯ ನೋವೂ ಎರಡು ಪಟ್ಟಲ್ಲವೆ ಎಂದು ಆ ಹೊತ್ತಿನಲ್ಲಿ ನನ್ನನ್ನೇ ಕೇಳಿಕೊಂಡಿದ್ದೇನೆ. ನೋವು ಇದೆ. ಆರು ತಿಂಗಳು ಇದ್ದು ಹೋಗುವ ಹಕ್ಕಿ ಕಾರಿನಲ್ಲಿ ಕೂತು ನನ್ನತ್ತ ನೋಡುವಾಗ ನನಗೂ ಇದೆ. ಆದರೆ ಒಬ್ಬರು ಹೋದರೂ ಇನ್ನೊಬ್ಬರಿರುವ ನೋವಿಗೂ ಎಲ್ಲವೂ ಒಮ್ಮೆಗೇ ಹೋಗುವ ಭಯಕ್ಕೂ ಬಹಳ ವ್ಯತ್ಯಾಸವಿದೆ. 430 ಗ್ರಾಂ ಇದ್ದದ್ದು 395 ಆದದ್ದು ಎರಡನೆಯದರಿಂದ.

ಹಾಗಾಗಿ ಗಿಳಿ ಇರುವ ಮನೆಯವರಿಗೆ ನನ್ನ ಕೋರಿಕೆ ಸರಳವಾದದ್ದು. ಟಿಕೆಟು ಕಾಯ್ದಿರಿಸಿದ ಮೇಲೆ ಹಕ್ಕಿಗೆ ಜಾಗ ಹುಡುಕಬೇಡಿ. ಏನೂ ತುರ್ತಿಲ್ಲದ ಒಂದು ಭಾನುವಾರ ಹಕ್ಕಿಯನ್ನು ಕರೆದುಕೊಂಡು ಬನ್ನಿ, ಒಂದು ಗಂಟೆ ಕೂತು ಹೋಗಿ. ಮುಂದಿನ ತಿಂಗಳು ಒಂದು ರಾತ್ರಿ ಬಿಟ್ಟು ನೋಡಿ. ಮನೆಯಲ್ಲಿ ಊಟ ಕೊಡುವವರು, ಪಂಜರ ತೆರೆಯುವವರು ಒಬ್ಬರೇ ಆಗದಿರಲಿ. ಮಗಳೂ ಕೊಡಲಿ, ಅತ್ತೆಯೂ ಕೊಡಲಿ. ಹಕ್ಕಿಯ ತೂಕ, ಊಟ, ಹೆದರಿಕೆಗಳು, ವೈದ್ಯರ ಹೆಸರು ಒಂದು ಹಾಳೆಯಲ್ಲಿರಲಿ. ನಿಮಗೇನಾದರೂ ಆದರೆ ಹಕ್ಕಿ ಯಾರ ಕೈ ಸೇರಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ, ಆ ವ್ಯಕ್ತಿಯನ್ನು ಕೇಳಿ ಬರೆಯಿರಿ. ಹೀಗೆ ಬರೆಯಲು ಒಂದು ಹೆಸರೂ ಹೊಳೆಯದಿದ್ದರೆ, ಇನ್ನೂ ಗಿಳಿ ತಂದಿಲ್ಲದಿದ್ದರೆ, ದಯವಿಟ್ಟು ತರಬೇಡಿ.

ಆ ಆಫ್ರಿಕನ್ ಗ್ರೇ ಮರುವರ್ಷವೂ ಬಂತು. ಈ ಸಲ ಯಜಮಾನರು ಅದಕ್ಕೆ ಮುಂಚೆ ನಾಲ್ಕು ಭಾನುವಾರ ಕರೆತಂದಿದ್ದರು. ಮೊದಲ ದಿನ ಸಂಜೆ ಆರೂವರೆಗೆ ಮತ್ತೆ ಅದೇ ಚಿಲಕದ ಸದ್ದು ಕೇಳಿತು. ನಾನು ಅಡುಗೆಮನೆಯಿಂದಲೇ “ಬಂದೆ” ಎಂದೆ. ಅದು ಬಾಗಿಲ ಕಡೆ ಒಮ್ಮೆ ನೋಡಿತು, ನನ್ನ ಕಡೆ ಒಮ್ಮೆ ನೋಡಿತು, ಆಮೇಲೆ ಬಟ್ಟಲಿನ ಕಡೆ ಇಳಿಯಿತು. ಮರುದಿನ ಬೆಳಗ್ಗೆ ತೂಗಿದಾಗ 428 ಗ್ರಾಂ.